ಕಾಳ್ಯಾನ ಸ್ಕ್ಯಾನಿಂಗ್

ಸನವಳ್ಳಿ ಕಡೆಯ ತಾಂಡಾದ ಶಾಂತಿಬಾಯಿಯ ತಲೆಯಲ್ಲಿ ಒಂದು ಮಾತು ಹೊಕ್ಕರೆ ಅದನ್ನು ತೆಗೆಯುವುದು ಯಾರಪ್ಪನಿಂದಲೂ ಆಗದು. ಮುಂಡಗೋಡದಲ್ಲಿ ಟೆಂಪೊ ಓಡಿಸುವ ನಾನು ಅವಳ ಗೋವಿನಜೋಳದ ಚೀಲಗಳನ್ನು ವರ್ಷಗಟ್ಟಲೆ ಸಾಗಿಸಿದ್ದೇನೆ. ಚೀಲ ಹೇರುವುದಕ್ಕಿಂತ ಅವಳ ಜೊತೆ ವಾದಿಸುವುದೇ ದಣಿವಿನ ಕೆಲಸ.

ಎರಡು ಸಾವಿರದ ಎಂಟರ ಮಳೆಗಾಲ ಮುಗಿಯುವಾಗ ಅವಳ ನಾಯಿ ಕಾಳ್ಯಾನ ಮುಂಗಾಲಿನ ಮಣಿಕಟ್ಟು ಬಾತುಕೊಂಡಿತು. ತೆನೆ ಕಟ್ಟಿದ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುತ್ತಿದ್ದವನು ಅವನೇ. ಇಂಜೆಕ್ಷನ್ ಕೊಡಿಸಿದರೂ ಬಾವು ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಎಲುಬು ನೆಟ್ಟಗಿತ್ತು. ಪ್ರಾಣಿಗಳ ಕೀಲು ಬಾತರೆ ಕಾಯಿಸಿದ ಕುಡುಗೋಲಿನಿಂದ ಬರೆ ಎಳೆಯುವುದು ಅಲ್ಲಿಯ ರೂಢಿ. ಗಂಡ ಖೇಮಪ್ಪ ಕುಡುಗೋಲು ಹುಡುಕತೊಡಗಿದ.

“ಹುಬ್ಬಳ್ಳಿಯೊಳಗ ನಾಯಿಗೂ ಸ್ಕ್ಯಾನಿಂಗ್ ಮಾಡ್ತಾರಂತ. ಅಲ್ಲೀತನಕ ಅವನ ಕಾಲು ಮುಟ್ಟಿದ್ರ ನೋಡ್ರಿ ಮತ್ತ!” ಎಂದಳು ಶಾಂತಿಬಾಯಿ.

“ಅಲ್ಲೂ ಏನೂ ಕಾಣಲಿಲ್ಲಂದ್ರ ನಾಳೆ ಬರಿ ಎಳಿಯೂದ,” ಎಂದ ಖೇಮಪ್ಪ.

ನನ್ನ ಟೆಂಪೊದಲ್ಲೇ ಹೊರಟೆವು. ದಾರಿಯುದ್ದಕ್ಕೂ ಕಾಳ್ಯಾ ಕುಂಯ್‌ಗುಟ್ಟುತ್ತ ಇಳಿಯಲು ಹವಣಿಸಿದ, ಶಾಂತಿಬಾಯಿ ಇಳಿಯಗೊಡಲಿಲ್ಲ. ಪಾಪ, ನೋವಿರಬೇಕೆಂದು ನಾನು ಮರುಗಿದೆ.

ದವಾಖಾನೆಯಲ್ಲಿ ಡಾಕ್ಟರ್ ಮೇಘಾ ಮಣಿಕಟ್ಟಿನ ಕೂದಲು ಬೋಳಿಸಿ, ತಣ್ಣನೆಯ ಜೆಲ್ ಸವರಿ, ಅಂಗೈಯಗಲದ ಯಂತ್ರವನ್ನು ಅದರ ಮೇಲೆ ಆಡಿಸಿದರು. ಪರದೆಯ ಮೇಲೆ ಚಿತ್ರ ಮೂಡುವಷ್ಟರಲ್ಲಿ ಕಾಳ್ಯಾ ಒದ್ದಾಡುವನು, ಚಿತ್ರ ಕಲಕುವುದು. ಕಡೆಗೆ ಡಾಕ್ಟರು ಕೈಚೆಲ್ಲಿದರು. “ಹಿಂಗ ಒದ್ದಾಡಿದ್ರ ಏನೂ ಕಾಣೂದಿಲ್ರಿ.”

ಶಾಂತಿಬಾಯಿಯ ಮುಖ ಇಳಿದುಹೋಯಿತು. “ಹಂಗನ್ನಬ್ಯಾಡ್ರಿ ಬಾಯಾರ. ಇನ್ನಷ್ಟು ಕುಡಿಸ್ಲೇನ್ರಿ? ಮುಂಜಾನಿ ತಂಬಿಗಿಗಟ್ಲೆ ಮಜ್ಜಿಗಿ ಕುಡಿಸೇನಿ, ಆಮ್ಯಾಲ ಒಂದಕ್ಕ ಬಿಟ್ಟಿಲ್ಲ. ನಮ್ಮ ಸೊಸಿ ಕಾಜಲ್ ಬಸರಿದ್ದಾಗ ಸ್ಕ್ಯಾನಿಂಗಿಗೆ ಹಂಗ ಹೇಳಿದ್ರಲ್ರಿ!”

ಡಾಕ್ಟರು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. “ಅಯ್ಯ, ಅದು ಹೊಟ್ಟಿ ನೋಡಾಕರೀ! ಇದು ಕಾಲು! ಮದಲ ಅವನ್ನ ಹೊರಗ ಕರಕೊಂಡ ಹೋಗ್ರಿ.”

ಕಾಳ್ಯಾ ನೇರವಾಗಿ ನನ್ನ ಟೆಂಪೊದ ಗಾಲಿಗೇ ಹೋದ. ಬಹಳ ಹೊತ್ತು ಹಿಡಿಯಿತು.

ತಿರುಗಿ ಬಂದವನು ಶಾಂತಿಬಾಯಿಯ ಬಳೆಗೈ ಮೇಲೆ ತಲೆಯಿಟ್ಟು ಅಲುಗದೆ ಮಲಗಿದ. ಈ ಸಲ ಪರದೆಯಲ್ಲಿ ಕೀಲಿನ ಪಕ್ಕ ಬಿಳಿಯ ಗೆರೆಯೊಂದು ಸ್ಪಷ್ಟವಾಗಿ ಕಂಡಿತು. ಬಿದಿರಿನ ಸಿಬಿರು! “ಕಟ್ಟಿಗಿ ಎಕ್ಸ್‌ರೇದಾಗ ಕಾಣೂದಿಲ್ರಿ, ಇದರಾಗ ಕಾಣತೈತಿ,” ಎಂದು ಡಾಕ್ಟರು ಅಲ್ಲಿಯೇ ಮತ್ತಿನ ಮದ್ದು ಕೊಟ್ಟು, ಕೊಯ್ದು ತೆಗೆದರು. ಬರೆ ಎಳೆದಿದ್ದರೆ ಸಿಬಿರು ಒಳಗೇ ಕೊಳೆಯುತ್ತಿತ್ತಲ್ಲ ಎಂದು ಶಾಂತಿಬಾಯಿ ಗಳಗಳನೆ ಅತ್ತಳು. ಸುಳ್ಳೇಕೆ, ನನಗೂ ಕಣ್ಣು ತುಂಬಿತು.

ಸುಗ್ಗಿಯ ಹೊತ್ತಿಗೆ ಕಾಳ್ಯಾ ಮತ್ತೆ ಹಂದಿ ಅಟ್ಟುತ್ತಿದ್ದ.

ಮರುವರ್ಷ ಖೇಮಪ್ಪ ಬದುವಿನ ಮೇಲೆ ಜಾರಿಬಿದ್ದು ಅವನದೇ ಮಣಿಕಟ್ಟು ಬಾತಿತು. ಶಾಂತಿಬಾಯಿ ಕುಡುಗೋಲನ್ನು ಒಲೆಯಲ್ಲಿಟ್ಟು, “ಬರಿ ಎಳೀಲೇನ್ರಿ?” ಎಂದು ಬಲು ಮರ್ಯಾದೆಯಿಂದ ಕೇಳಿದಳಂತೆ. ನಾನು ಹೋಗುವಷ್ಟರಲ್ಲಿ ಅವನು ರಸ್ತೆಗೇ ಬಂದು ನಿಂತಿದ್ದ.

“ಲಗೂ ಹೋಗೂಣು ರಜಾಕಭಾಯಿ,” ಎಂದ ಟೆಂಪೊ ಹತ್ತುತ್ತ, “ಒಲಿ ಇನ್ನೂ ಉರಿಯಾಕತ್ತೈತಿ.”