ಕ್ಯಾಮಿಲಸ್ಸನ ಕಪ್ಪು ಪೆನ್ನು

ದುಬೈಯ ಸತ್ವಾ ಬಡಾವಣೆಯಲ್ಲಿ ಹೊಲಿಗೆಯಂಗಡಿಗಳಿಗೆ ಬರವಿರಲಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ಅಲ್ಲಿ ಅತಿ ಹೆಚ್ಚು ತುಂಬುತೋಳು ತೊಡಿಸಿದವನು ಪತ್ರಿಕೆ ಮಾರುವ ಕ್ಯಾಮಿಲಸ್. ಜಪಾನಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಚಿತ್ರಕಥೆಯ ಪತ್ರಿಕೆಯೊಂದರಲ್ಲಿ ಟೆನಿಸ್ ಆಡುವ ನಾಯಕಿಯ ತೋಳು, ತೊಡೆಗಳಿಗೆಲ್ಲ ಮಾರ್ಕರಿನಿಂದ ಕಪ್ಪು ಬಳಿದ ಮೇಲೆಯೇ ಅವನು ಅದನ್ನು ಮಾರಾಟಕ್ಕಿಡುತ್ತಿದ್ದ. “ಸರ್ಕಾರದವ್ರು ಯಾರಾದ್ರೂ ನೋಡಿದ್ರೆ ಅಂಗಡಿ ಖಲಾಸ್, ಮಾಸ್ಟ್ರೇ!” ಎನ್ನುವನು; ಅವನಿಗೆ ಗಿರಾಕಿಗಳೆಲ್ಲರೂ ‘ಮಾಸ್ಟ್ರೇ’. ಜಪಾನಿಯ ಒಂದಕ್ಷರ ಬಾರದಿದ್ದರೂ ಸರದಿ ನಿಂತ ಗಿರಾಕಿಗಳಿಗೆಲ್ಲ ಮುಂದಿನ ಕಥೆ ಹೇಳುವನು. ಮನೆಮನೆಗೆ ಇಂಟರ್ನೆಟ್ ಬಂದ ಮೇಲೆ ಜನರು ಅದೇ ನಾಯಕಿಯನ್ನು ಪುಕ್ಕಟೆಯಾಗಿ, ಕಪ್ಪು ತೋಳಿಲ್ಲದೆಯೇ ನೋಡತೊಡಗಿದರು. “ಇನ್ನ ಅದನ್ನ ನೋಡಾವ ನೀ ಒಬ್ಬನ ಉಳದಿ ನೋಡಪಾ!” ಎಂದು ಪಕ್ಕದ ಟೈಲರ್ ಸಂಗಪ್ಪ ಕೆಣಕುತ್ತಿದ್ದ. ಕಡೆಗೆ ಪತ್ರಿಕೆಯೇ ನಿಂತಿತು. ಕೊನೆಯ ಸಂಚಿಕೆಯಲ್ಲಿ ನಾಯಕಿಗೆ ಮದುವೆ. ಬಿಳಿಯ ಗೌನಿಗೆ ತೋಳೂ ಇಲ್ಲ, ಬೆನ್ನೂ ಇಲ್ಲ. ಕ್ಯಾಮಿಲಸ್ ಮಾರ್ಕರ್ ಕೈಗೆತ್ತಿಕೊಂಡವನು ಹಾಗೆಯೇ ಕೆಳಗಿಟ್ಟ. “ಮದುಮಗಳಿಗೆ ಕಪ್ಪು ಬಳಿಯುವುದುಂಟಾ, ಮಾಸ್ಟ್ರೇ?” ಎಂದು ಎದುರಿಗಿದ್ದ ಗಿರಾಕಿಯನ್ನು ಕೇಳಿ, ಸೀಸದ ಕಡ್ಡಿ ಹಿಡಿದು, ಕುತ್ತಿಗೆಯಿಂದ ಮುಂಗೈಯವರೆಗೆ ಹೂವಿನ ಲೇಸು ಬಿಡಿಸಿದ. ಆ ಪ್ರತಿಯನ್ನು ಯಾರಿಗೂ ಮಾರಲಿಲ್ಲ. ಕೆಣಕಲೆಂದೇ ಬಂದ ಸಂಗಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮೆಲ್ಲನೆ ಹೇಳಿದ: “ಅಳತಿ ಬರೋಬ್ಬರಿ ಅದ, ಕ್ಯಾಮಿಲಸ್.”