ಕೈಗೆ ಬಿಸಿ, ಅಂಟಿಗೆ ಜ್ವರ

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಬೆರಳ ತುದಿ ಹೊಳೆಯ ಕಲ್ಲಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಸಾಗರದ ನಮ್ಮ ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಓದುವ ಯಂತ್ರ ಅದನ್ನು ಒಮ್ಮೆಯೂ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿ ಇಟ್ಟರೂ ಇಲ್ಲ, ಎಣ್ಣೆ ಸವರಿ ಇಟ್ಟರೂ ಇಲ್ಲ. "ಅಮ್ಮಾ, ನಿಮ್ಗೆ ಬೆರಳೇ ಇಲ್ಲ ಅಂತ ತೋರಿಸ್ತಾ ಇದೆ" ಎಂದು ಅಂಗಡಿಯವನು ಹೇಳಿದರೆ ಅತ್ತೆ ಕೈಯನ್ನು ಅವನ ಮುಖದ ಮುಂದೆ ಹಿಡಿದು, "ಮತ್ತಿದು ಎಂತದು, ಬದನೆಕಾಯಾ?" ಎನ್ನುತ್ತಿದ್ದರು. ಕೊನೆಗೆ ನನ್ನ ಬೆರಳಿಗೆ ಅಕ್ಕಿ ಸಿಗುತ್ತಿತ್ತು.

ಗೆರೆಗಳನ್ನು ತಿಂದದ್ದು ಉಜ್ಜುವ ಕಾಗದ. ಅತ್ತೆ ಚೂರಿಗಳಿಗೆ ಹಿಡಿ ಮಾಡುತ್ತಿದ್ದರು. ಅವರ ತಂದೆ ಗಂಧದ ಕೆತ್ತನೆಯವರು. ಉಳಿ ಹಿಡಿಯುವುದನ್ನು ಅವರಿಂದ ಕಲಿತಿದ್ದರು. ಗಂಧ ಸಿಗುವುದು ಕಷ್ಟವಾದ ಮೇಲೆ ಹಿಡಿಗಳ ಕೆಲಸಕ್ಕೆ ಬಂದರು. ತೀರ್ಥಹಳ್ಳಿಯ ಕಮ್ಮಾರರೊಬ್ಬರು ಒಬ್ಬೊಬ್ಬ ಗಿರಾಕಿಗೂ ಬೇಕಾದ ಅಳತೆಯಲ್ಲಿ ಅಡುಗೆಮನೆಯ ಚೂರಿಗಳನ್ನು ಬಡಿಯುತ್ತಿದ್ದರು. ನನ್ನ ಗಂಡ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಬರಿಯ ಅಲಗುಗಳು ಅವರ ಸೀಟಿನ ಕೆಳಗೆ ಗೋಣಿತಾಟಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದವು, ಹಿಡಿ ಹಾಕಿಸಿಕೊಂಡು ಹಾಗೆಯೇ ವಾಪಸಾಗುತ್ತಿದ್ದವು.

ನಾನು ಹೊಸನಗರದ ಕಡೆಯವಳು. ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಮುಚ್ಚಿದಾಗ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಹಿತ್ತಿಲ ಶೆಡ್ಡಿಗೆ ಹೋದೆ. ಅತ್ತೆ ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಿಡಿ ಉಜ್ಜುವ ಯಂತ್ರದ ಮುಂದೆ ನಿಲ್ಲಿಸಿ, ನನ್ನ ಕೈಗವಸು ಬಿಚ್ಚಿಸಿದರು.

"ಅದ್ಯಾಕೆ ಅತ್ತೆ? ಕೈ ಸುಡಲ್ವಾ?"

"ಸುಡ್ಲಿ ಅಂತಾನೇ. ಕೈಗೆ ಬಿಸಿ ಅಂದ್ರೆ ಅಂಟಿಗೆ ಜ್ವರ. ಕೈಗೆ ಗೊತ್ತಾಗದಿದ್ರೆ ಮತ್ಯಾರಿಗೆ ಗೊತ್ತಾಗ್ಬೇಕು?"

ಅಲಗಿನ ಹಿಂಭಾಗದ ಕಬ್ಬಿಣದ ಪಟ್ಟಿಗೆ ಎರಡೂ ಬದಿಯಿಂದ ಮರ ಕೂರಿಸಿ, ಅಂಟು ಹಾಕಿ, ಹಿತ್ತಾಳೆಯ ಮೊಳೆಗಳಿಂದ ಬಿಗಿಯುತ್ತಾರೆ. ಅಂಟು ಇಡೀ ರಾತ್ರಿ ಆರಬೇಕು. ಮರುದಿನ ಓಡುವ ಉಜ್ಜು ಬೆಲ್ಟಿಗೆ ಒತ್ತಿ ಹಿಡಿಗೆ ರೂಪ ಕೊಡುತ್ತಾರೆ. ಒತ್ತಿದರೆ ಬಿಸಿಯಾಗುತ್ತದೆ. ಬಿಸಿ ಮೊಳೆಯ ಮೂಲಕ ಒಳಗಿಳಿದು ಅಂಟನ್ನು ಮೆತ್ತಗಾಗಿಸುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ತಿಂಗಳಾದ ಮೇಲೆ ಹಿಡಿ ಕೈಯಲ್ಲಿ ಅಲುಗಾಡುತ್ತದೆ. ಆದ್ದರಿಂದ ಅತ್ತೆ ಒಂದಿಷ್ಟು ಉಜ್ಜಿ, ತೆಗೆದು, ಮೊದಲು ಹಿತ್ತಾಳೆ ಮುಟ್ಟಿ ನೋಡುತ್ತಿದ್ದರು. ಮರ ಬಿಸಿಯನ್ನು ತಡವಾಗಿ ಹೇಳುತ್ತದೆ, ಹಿತ್ತಾಳೆ ಕೂಡಲೇ ಹೇಳುತ್ತದೆ. ಅನುಮಾನ ಬಂದರೆ ಮಗುವಿನ ಹಣೆ ನೋಡುವವರಂತೆ ಹಿಡಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಅಲಗಿಗೆ ಯಾವಾಗಲೂ ಒದ್ದೆ ಬಟ್ಟೆ ಸುತ್ತಿರುತ್ತಿತ್ತು. ಆಮೇಲೆ ಯಂತ್ರ ನಿಲ್ಲಿಸಿ ಕಾಯುವುದು. ಕಾಯುವಾಗ ಎಲೆ ಅಡಿಕೆ, ಇಲ್ಲವೇ ತೊಗರಿಬೇಳೆ ಆರಿಸುವ ಕೆಲಸ.

ಅತ್ತೆ ಎಲ್ಲದರಲ್ಲೂ ಬಿಗಿ ಕೈಯವರು. ಹರಿದ ಸೀರೆ ಕೌದಿಯಾಗುತ್ತಿತ್ತು, ಕೌದಿ ಒರೆಸುವ ಬಟ್ಟೆಯಾಗುತ್ತಿತ್ತು. ಆದರೆ ಬೆಲ್ಟಿನ ವಿಷಯದಲ್ಲಿ ಮಾತ್ರ ಧಾರಾಳಿ. ಸ್ವಲ್ಪ ಸವೆದರೂ ಬಿಚ್ಚಿ, ತಳ ಹಿಡಿದ ಪಾತ್ರೆ ಉಜ್ಜಲು ಅಡುಗೆಮನೆಗೆ ಎಸೆಯುತ್ತಿದ್ದರು. "ಸವೆದ ಬೆಲ್ಟು ಉಜ್ಜಲ್ಲ ಕಣೇ, ಸುಡುತ್ತೆ."

ಇಷ್ಟೆಲ್ಲ ಹೇಳುವವರು ಒಮ್ಮೆ ತಾವೇ ತಪ್ಪಿದರು.

ತೀರ್ಥಹಳ್ಳಿಯ ಕಡೆಯ ಅಡುಗೆ ಭಟ್ಟರೊಬ್ಬರು ಮದುವೆ ಮನೆಯೊಂದರಲ್ಲಿ ಕಾಯಿ ತುರಿಯುವ ಯಂತ್ರಕ್ಕೆ ಬಲಗೈಯ ಕೊನೆಯ ಎರಡು ಬೆರಳು ಕೊಟ್ಟಿದ್ದರು. ಗಾಯ ಮಾಯಿತು, ಚೂರಿ ಮಾತ್ರ ಕೈಯಲ್ಲಿ ನಿಲ್ಲಲಿಲ್ಲ. ಹೆಚ್ಚುವಾಗ ತಿರುಗಿ ಜಾರುತ್ತಿತ್ತು. ಅಡುಗೆಗೆ ಕರೆಯುವವರು ಕಡಿಮೆಯಾದರು. ಕರೆದರೂ ಬಡಿಸಲು ಕರೆಯುತ್ತಿದ್ದರು. ಬಸ್ಸಿನಲ್ಲಿ ಚೂರಿಗಳ ಗಂಟು ಕಂಡು ಅವರು ನನ್ನ ಗಂಡನನ್ನು ವಿಚಾರಿಸಿ ಮನೆ ಹುಡುಕಿಕೊಂಡು ಬಂದರು.

ಅತ್ತೆ ಅಳತೆ ಪಟ್ಟಿ ತೆಗೆಯಲಿಲ್ಲ. ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿಸಿ, "ಹಿಡೀರಿ ಭಟ್ರೇ, ಕುಂಬಳಕಾಯಿ ಹೋಳು ಮಾಡ್ತೀರಿ ಅಂದ್ಕೊಂಡು ಹಿಡೀರಿ" ಎಂದರು. ಮೂರು ಬೆರಳು ಮತ್ತು ಅಂಗೈಯ ಅಚ್ಚು ಹಿಟ್ಟಿನಲ್ಲಿ ಮೂಡಿತು. ಅದನ್ನು ನೆರಳಲ್ಲಿ ಒಣಗಿಸಿ, ಹಳೆಯ ಮಂಚದ ಕಾಲಿನ ಬೀಟೆಯಲ್ಲಿ ಅದೇ ಉಬ್ಬು ತಗ್ಗುಗಳನ್ನು ಮಾಡತೊಡಗಿದರು. ಬೆರಳಿಲ್ಲದ ಜಾಗವನ್ನು ತುಂಬುವಂತೆ ಹಿಂದೆ ಒಂದು ಗುಬುಟು.

ಭಟ್ಟರಿಗೆ ಅಷ್ಟರಲ್ಲಿ ಒಂದು ಉಪನಯನದ ಅಡುಗೆ ಒಪ್ಪಿಗೆಯಾಗಿತ್ತು. ಅಪಘಾತವಾದ ಮೇಲೆ ಅದೇ ಮೊದಲನೆಯದು. ಶಿವಮೊಗ್ಗದಿಂದ ಬರಬೇಕಾಗಿದ್ದ ಹೊಸ ಬೆಲ್ಟುಗಳು ಬರಲಿಲ್ಲ. ಮಾತು ಕೊಟ್ಟಿದ್ದೇನೆಂದು ಅತ್ತೆ ಸವೆದ ಬೆಲ್ಟಿನಲ್ಲೇ ಒತ್ತಿ ಒತ್ತಿ ಕೆಲಸ ಮುಗಿಸಿದರು. ಸುಟ್ಟ ಬೀಟೆಯ ವಾಸನೆ ನನಗೂ ಬಂತು.

ಭಟ್ಟರು ಚೂರಿ ಒಯ್ಯಲು ಬಂದ ದಿನ ಬೆಳಿಗ್ಗೆ ಅತ್ತೆ ಹಿಡಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮರ ಮತ್ತು ಕಬ್ಬಿಣ ಸೇರುವಲ್ಲಿ ಕೂದಲೆಳೆಯಷ್ಟು ಸಂದಿ. ಭಟ್ಟರು ಅದನ್ನು ಕೈಗೆ ತೆಗೆದುಕೊಂಡಾಗ ಅವರ ಮುಖ ಅರಳಿಬಿಟ್ಟಿತ್ತು.

"ಭಟ್ರೇ, ಅದನ್ನ ಕೊಡಲ್ಲ ನಾನು. ಹಾಳು ಮಾಡಿದೀನಿ. ಬಿಸಿ ಮಾಡ್ಬಿಟ್ಟೆ."

"ಎಂತ ಹಾಳು ಅಮ್ಮಾ? ಎಷ್ಟು ಚಂದ ಕೂತಿದೆ ಕೈಲಿ! ನಂಗೆ ಸಾಕು ಇದು."

"ಇವತ್ತು ಕೂತಿರುತ್ತೆ. ಸಂದಿಗೆ ನೀರು ಇಳೀತದೆ, ನಾಳೆ ಸಡಿಲ ಆಗ್ತದೆ. ಉಳಿದ ಬೆರಳೂ ಹೋದ್ರೆ ನಾನು ಎಲ್ಲಿಂದ ತಂದು ಕೊಡ್ಲಿ?"

ಅವರ ಕೈಯಿಂದಲೇ ತೆಗೆದುಕೊಂಡು, ಸಂದಿಗೆ ಉಳಿ ಇಟ್ಟು ಒಂದೇ ಪೆಟ್ಟು ಕೊಟ್ಟರು. ಹಿಡಿ ಎರಡು ಹೋಳಾಯಿತು. ಭಟ್ಟರು ಕಣ್ಣು ಮುಚ್ಚಿಕೊಂಡರು. ನನಗೆ ಅತ್ತೆಯ ಮೇಲೆ ಸಿಟ್ಟೇ ಬಂತು; ಭಟ್ಟರ ಮುಂದೆಯೇ ಒಡೆಯಬೇಕಿತ್ತೇ?

"ಉಪನಯನ ನಾಡಿದ್ದಲ್ವಾ? ಇವತ್ತು ಇಲ್ಲೇ ಉಳೀರಿ" ಎಂದರು ಅತ್ತೆ.

ನನ್ನ ಗಂಡ ಡ್ಯೂಟಿ ಬೇರೆಯವರಿಗೆ ವಹಿಸಿ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬೆಲ್ಟು ತಂದರು. ಅತ್ತೆ ಸಂಜೆಯೊಳಗೆ ಹೊಸ ಮರ ಕೂರಿಸಿ ಅಂಟು ಹಾಕಿದರು. ಮರುದಿನ ಬೆಳಿಗ್ಗೆ ಭಟ್ಟರನ್ನು ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿಕೊಂಡರು. ಒಂದಿಷ್ಟು ಉಜ್ಜುವುದು, ಹಿಡಿ ಬೆಚ್ಚಗಾಗುವ ಮೊದಲೇ ಯಂತ್ರ ನಿಲ್ಲಿಸಿ ಭಟ್ಟರ ಕೈಗೆ ಕೊಡುವುದು. ಅವರು ಹಿಡಿದು, ಗಾಳಿಯಲ್ಲಿ ಹೆಚ್ಚಿ, "ಹೆಬ್ಬೆರಳ ಹತ್ರ ಚೂರು ಒತ್ತುತ್ತೆ" ಎನ್ನುವರು. ಅಷ್ಟರಲ್ಲಿ ಹಿಡಿ ಆರಿರುತ್ತಿತ್ತು. ಮತ್ತೆ ಉಜ್ಜುವುದು. ಹೀಗೆ ಕಾಯುವ ಹೊತ್ತೆಲ್ಲ ಅಳತೆ ನೋಡುವ ಹೊತ್ತಾಯಿತು. ಮೊದಲನೆಯ ಹಿಡಿಗೆ ಹಿಟ್ಟಿನ ಅಚ್ಚು ಮಾತ್ರ ಗೊತ್ತಿತ್ತು. ಇದಕ್ಕೆ ಅವರ ಕೈಯೇ ಗೊತ್ತಾಯಿತು.

ಮಧ್ಯಾಹ್ನ ಭಟ್ಟರು ನಮ್ಮ ಅಡುಗೆಮನೆಗೆ ಬಂದು ಒಂದು ಸೌತೆಕಾಯಿ ಕೇಳಿದರು. ಅದಾದ ಮೇಲೆ ಬೀನ್ಸು, ಆಮೇಲೆ ಕ್ಯಾರೆಟ್ಟು. ಬುಟ್ಟಿಯಲ್ಲಿದ್ದ ತರಕಾರಿಯನ್ನೆಲ್ಲ ಹೆಚ್ಚಿಟ್ಟರು. ನಾನು ಸಾಕು ಎನ್ನಲು ಹೋದರೆ ಅತ್ತೆ ಕಣ್ಣಲ್ಲೇ ತಡೆದರು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಪಲ್ಯವೋ ಪಲ್ಯ.

ಅತ್ತೆಗೆ ಉಸಿರಿನ ತೊಂದರೆ ಶುರುವಾದದ್ದು ಅದರ ಮರುವರ್ಷ. ಕೈಗವಸು ಬೇಡವೆಂದಂತೆ ಮೂಗಿಗೆ ಬಟ್ಟೆಯೂ ಬೇಡವೆನ್ನುತ್ತಿದ್ದರು. ಬೀಟೆಯ ಧೂಳು ಸುಮ್ಮನೆ ಬಿಡಲಿಲ್ಲ. ಡಾಕ್ಟರು ಶೆಡ್ಡಿಗೆ ಕಾಲಿಡಬಾರದೆಂದರು. ನನಗೆ ಮಾಸ್ಕ್ ಹಾಕದೆ ಯಂತ್ರ ಮುಟ್ಟಬಾರದೆಂದು ಅತ್ತೆಯೇ ಕಟ್ಟಪ್ಪಣೆ ಮಾಡಿದರು. "ಈ ಒಂದು ವಿಷ್ಯದಲ್ಲಿ ನನ್ನ ನೋಡಿ ಕಲೀಬೇಡ." ಅಡುಗೆಮನೆಯ ಕಿಟಕಿಯ ಹತ್ತಿರ ಕೂತು, ಶಬ್ದ ಕೇಳಿಯೇ "ಒತ್ತಬೇಡ್ವೇ!" ಎಂದು ಕೂಗುತ್ತಿದ್ದರು. ಕೂಗಿದ ಮೇಲೆ ಬಹಳ ಹೊತ್ತು ಕೆಮ್ಮುತ್ತಿದ್ದರು. ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ನಾನು ಶೆಡ್ಡಿನ ಬಾಗಿಲು ತೆಗೆದೆ. ಅಂಟು ಆರಿದ ಚೂರಿಯೊಂದು ಕಾಯುತ್ತಿತ್ತು. ಉಜ್ಜಿದೆ, ನಿಲ್ಲಿಸಿದೆ, ಹಿತ್ತಾಳೆ ಮುಟ್ಟಿದೆ, ಕಾದೆ. ಮತ್ತೆ ಉಜ್ಜಿದೆ. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿದರೆ ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಸ್ನಾನಕ್ಕೆ ಹೊರಟವರು, ಹೆಗಲ ಮೇಲೆ ಟವೆಲು ಹಾಗೆಯೇ ಇತ್ತು.

"ಎಂತ ಆಯ್ತು?" ಎಂದೆ.

"ಎಂತ ಇಲ್ಲ" ಎಂದರು. ಟವೆಲನ್ನು ಕೈಗೆ ತೆಗೆದುಕೊಂಡು, "ಒಳಗಿಂದ ಕೇಳ್ತಾ ಇದ್ದೆ. ಆ ನಿಲ್ಸೋದು, ಮತ್ತೆ ಶುರು ಮಾಡೋದು... ಅಮ್ಮನೇ ಅಂದ್ಕೊಂಡೆ" ಎಂದರು.