ಇಲ್ ತೊಂಬತ್ತಾರು

ನಮ್ಮ ಯಜಮಾನರು ಕುಣಿಗಲ್ ಕಡೆಯವರು. ಸ್ಕಾಲರ್‌ಶಿಪ್ ಸಿಕ್ಕಿ ರಷ್ಯಾಕ್ಕೆ ಹೋಗಿ ವಿಮಾನದ ಎಂಜಿನಿಯರಿಂಗ್ ಓದಿ ಬಂದರು. ಅಲ್ಲಿ ಕೈಯಿಟ್ಟು ಕಲಿತದ್ದು ಒಂದೇ ವಿಮಾನವನ್ನು: ನಾಲ್ಕು ಎಂಜಿನ್ನಿನ ಭಾರೀ ವಿಮಾನ, ಹೆಸರು ಇಲ್ ತೊಂಬತ್ತಾರು. ತೊಂಬತ್ತರ ದಶಕದ ನಡುವೆ ನಮ್ಮ ಮದುವೆಯಾದಾಗ, ದೆಹಲಿಯ ಒಂದು ಹೊಸ ಕಂಪನಿ ಅದನ್ನು ತರಿಸುತ್ತದೆ, ಇವರನ್ನು ಕರೆಯುತ್ತದೆ ಎಂಬ ಮಾತಿತ್ತು. ಅದನ್ನೇ ನಂಬಿ, ದೆಹಲಿಗೆ ಹೋಗುವ ತನಕ ಸಾಕೆಂದು ತುಮಕೂರಿನ ಶಿರಾ ಗೇಟ್ ಹತ್ತಿರ ಬಾಡಿಗೆ ಮನೆ ಹಿಡಿದೆವು.

ನಮ್ಮ ಅತ್ತೆಗೆ ಆ ಹೆಸರೇ ಆಗದು. ಮನೆಯಲ್ಲಿ ಅಕ್ಕಿ ಮುಗಿದರೂ ‘ಇಲ್ಲ’ ಅನ್ನದೆ ‘ತುಂಬೈತೆ’ ಅನ್ನುವ ಹೆಂಗಸು.

“ಏನ್ಲಾ ಅದು, ದೇವ್ರ ದೀಪ ಉರೀವಾಗ ಇಲ್ ಇಲ್ ಅಂತೀಯ?”

“ಇಲ್ಲ ಅಲ್ಲ ಕಣವ್ವ, ಇಲ್. ವಿಮಾನದ್ ಹೆಸ್ರು.”

“ಐತೆ ತೊಂಬತ್ತಾರು ಅನ್ನು. ಬಾಯೇನ್ ಸವ್ದೋಯ್ತದಾ?”

ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಇವರು ನಗಲಿಲ್ಲ.

ದೆಹಲಿಯ ಕಂಪನಿ ಒಂದು ವಿಮಾನವನ್ನೂ ತರಿಸದೆ ಬಾಗಿಲು ಹಾಕಿತು. ಬೇರೆ ವಿಮಾನ ಮುಟ್ಟಬೇಕಾದರೆ ಮತ್ತೆ ಮೊದಲಿಂದ ಕಲಿಯಬೇಕು. ಗುಬ್ಬಿಯಲ್ಲಿ ನನ್ನ ತಮ್ಮನಿಗೆ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವ ಅಂಗಡಿಯಿತ್ತು. “ಕರೆ ಬರೋತನಕ” ಎಂದು ಇವರು ಅಲ್ಲಿಗೆ ಹೋಗತೊಡಗಿದರು. ಅಂಗಡಿಯಲ್ಲಿ ಪಾಲು ಕೊಡುತ್ತೇನೆಂದು ತಮ್ಮ ಕೇಳಿದಾಗಲೆಲ್ಲ, “ನಾಳೆ ಫೋನ್ ಬಂದ್ರೆ?” ಎನ್ನುತ್ತಿದ್ದರು.

ಫೋನು ಬರುತ್ತಿದ್ದದ್ದು ರಷ್ಯಾದ ಒಬ್ಬ ಸ್ನೇಹಿತನಿಂದ ಮಾತ್ರ. ಅವನು ಆ ವಿಮಾನ ಕಟ್ಟುವ ಕಾರ್ಖಾನೆಯಲ್ಲಿದ್ದ. ಫೋನಿಟ್ಟ ಮೇಲೆ ಇವರು ಹೇಳುವುದನ್ನು ರೊಟ್ಟಿ ತಟ್ಟುತ್ತ ಕೇಳಿಸಿಕೊಂಡು ನನಗೂ ಆ ವಿಮಾನದ ಮಾದರಿಗಳ ಹೆಸರೆಲ್ಲ ಬಾಯಿಗೆ ಬಂತು. ಮೊದಲಿನದು ಮುನ್ನೂರು. ಅದನ್ನೇ ಉದ್ದ ಮಾಡಿ ಅಮೆರಿಕದ ಎಂಜಿನ್ ಕೂರಿಸಿದ್ದು ಎಂ. ಅಂಥದ್ದೇ ಸರಕಿನದು ಟಿ. ಕೊಳ್ಳುವವರಿಲ್ಲದೆ ಎರಡೂ ಒಂದೊಂದಕ್ಕೇ ನಿಂತವು. ಆಮೇಲೆ ತಮ್ಮದೇ ಎಂಜಿನ್ ಹಾಕಿ ನಾನೂರು ಅಂತ ಮಾಡಿದರು. ಒಂದೊಂದು ವರ್ಷ ಕಾರ್ಖಾನೆಯಿಂದ ಒಂದೂ ಹೊರಬರುತ್ತಿರಲಿಲ್ಲ. ಯಾವ ದೇಶದವರಾದರೂ ನಾಲ್ಕು ಕೊಳ್ಳಲಿ ಎಂದು ನಾನು ಎಡೆಯೂರು ಸ್ವಾಮಿಗೆ ಸೋಮವಾರ ಹಿಡಿದೆ. ವಿಮಾನ ಮಾರಾಟವಾಗಲೆಂದು ಉಪವಾಸ ಮಾಡಿದವಳು ನಾನೊಬ್ಬಳೇ ಇರಬೇಕು.

ಎರಡು ಸಾವಿರದ ಮೊದಲ ದಶಕ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಇವರು ಫೋನು ಇಟ್ಟವರೇ ಗೋಡೆಗೆ ಒರಗಿದರು.

“ಜನ ಕೂರೋದನ್ನ ಇನ್ ಮಾಡಲ್ವಂತೆ ಕಣೇ. ಸಾಮಾನಿಂದು ಮಾತ್ರ ಅಂತೆ.”

“ಸಾಮಾನಿಂದಕ್ಕೂ ರಿಪೇರಿ ಬೇಕಲ್ವೇನ್ರೀ?”

“ಬೇಕು. ಅದು ಇಲ್ಲಿಗ್ಯಾಕ್ ಬರ್ತದೆ?”

ಹಾಗೇ ಮಲಗಿಬಿಟ್ಟರು. ಅನ್ನ ಮುಟ್ಟಲಿಲ್ಲ, ಸ್ನಾನಕ್ಕೆ ಏಳಲಿಲ್ಲ. ಮಾತಾಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಾವಿಯಿದ್ದ ಹಿತ್ತಿಲ ಕಡೆಗೆ ಎದ್ದು ಹೋದಾರೆಂದು ಬಾಗಿಲಲ್ಲೇ ತರಕಾರಿ ಹೆಚ್ಚುತ್ತ ಕೂತೆ. ಪೂಜೆಗೆ ನಿಂತಾಗ ವಿಮಾನ ಕೇಳಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿಯಲಿ ಸ್ವಾಮಿ, ಅಷ್ಟು ಸಾಕು ಎಂದೆ. ಸಂಜೆ ಅರ್ಧ ಲೋಟ ಕುಡಿದರು. ಸ್ವಾಮಿ ಅರ್ಧವಾದರೂ ಕೊಟ್ಟನಲ್ಲ ಎಂದು ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ನಾಲ್ಕು ದಿನ ಇವರು ಅಂಗಡಿಗೆ ಬಾರದ್ದಕ್ಕೆ ತಮ್ಮನೇ ಬಂದ. ಹೊಸಿಲಲ್ಲಿ ಕೂತು, “ಭಾವ, ಮೋಟ್ರು ಇನ್ನೂ ಆಗ್ಲಿಲ್ಲ ಅಂತ ತೋಟದೋರು ಬಂದ್ ಬೈಯ್ತಾವ್ರೆ. ಬೇರೆಯೋರ್ನ ಹಾಕ್ಕಳ್ಳಾ? ನೀವ್ ಹೂಂ ಅಂದ್ರೆ ಹಾಕ್ಕತೀನಿ, ಬುಡಿ,” ಎಂದ.

ಇವರು ಗೋಡೆ ನೋಡುತ್ತಲೇ ಕೇಳಿದರು.

“ಎಷ್ಟ್ ಎಚ್‌ಪಿ?”

“ಐದು. ಸುಟ್ಟೋಗೈತೆ ಪೂರ್ತಿ.”

ಎದ್ದು ಮುಖ ತೊಳೆದರು. ಅವನ ಹಿಂದೆಯೇ ಸ್ಕೂಟರ್ ಹತ್ತಿದರು, ನನ್ನ ಕಡೆ ನೋಡಲಿಲ್ಲ.